ಹೊಳೆಯಿಂದ ಟ್ರೆಡ್‌ಮಿಲ್‌ಗೆ: ಕ್ಷೇತ್ರ ಬದಲಿಸಿದರೆ ಕಲಿತದ್ದೆಲ್ಲ ನೀರುಪಾಲಾಗುತ್ತಾ?

ಪ್ರಶ್ನೆ: ನನಗೆ 31 ವರ್ಷ. ಹೊಳೆಗಳ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಯುವ ಹಂತದಲ್ಲಿದೆ. ಕಲ್ಲಿನಡಿ ಬದುಕುವ ನೀರುಹುಳಗಳು, ನೀರಲ್ಲಿ ಕರಗಿದ ಆಕ್ಸಿಜನ್, ಬಿಸಿಯಾಗುತ್ತಿರುವ ನೀರು, ಇಷ್ಟೇ ನನ್ನ ಲೋಕ. ಈಗ ಮನುಷ್ಯರ ವ್ಯಾಯಾಮ ಶರೀರ ವಿಜ್ಞಾನದ ಲ್ಯಾಬ್ ಒಂದರಿಂದ ಎರಡು ವರ್ಷದ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ, ಕರೆ ಬಂದಿದೆ. ನನ್ನ ಗೈಡ್ "ಎರಡು ದೋಣಿಯಲ್ಲಿ ಕಾಲಿಡಬೇಡ" ಅನ್ನುತ್ತಾರೆ. ಸ್ನೇಹಿತರು "ಆಕ್ಸಿಜನ್ ಎಲ್ಲಿ ಅಳೆದರೂ ಆಕ್ಸಿಜನ್ನೇ, ಸುಮ್ನೆ ಹೋಗು" ಅನ್ನುತ್ತಾರೆ. ಎರಡೂ ಕ್ಷೇತ್ರ ಇಟ್ಟುಕೊಂಡು ಬದುಕಿದ ವಿಜ್ಞಾನಿಗಳು ಇದ್ದಾರಾ? ಡಾಕ್ಟರ್ ಓದದೆ ಮನುಷ್ಯರ ಮೇಲೆ ಪರೀಕ್ಷೆ ಮಾಡಬಹುದಾ? ಎರಡನ್ನೂ ಒಟ್ಟಿಗೆ ನಡೆಸಬಹುದಾ, ಇಲ್ಲ ಒಂದನ್ನು ಬಿಡಲೇಬೇಕಾ?

ಉತ್ತರ:

ನೀವು ಕೇಳಿರುವ ಪ್ರಶ್ನೆಗಳು ಹಲವು, ಒಳಗಿರುವ ಚಿಂತೆ ಒಂದೇ. ಈ ಕಡೆ ಬಿಟ್ಟು ಹೋದರೆ ಇವರು ಮರೆತುಬಿಡುತ್ತಾರೆ, ಆ ಕಡೆಯವರು ನಮ್ಮವರು ಅಂತ ಒಪ್ಪಿಕೊಳ್ಳಲ್ಲ, ಆಮೇಲೆ ನಾನು ಯಾರು ಅನ್ನುವುದು. ಈ ಚಿಂತೆ ಸುಳ್ಳಲ್ಲ. ನಾನು ಹೊಳೆಯಲ್ಲಿ ಕೆಲಸ ಶುರು ಮಾಡಿ, ಆಮೇಲೆ ಮೀನುಗಳ ಈಜು ಅಳೆದು, ಅಲ್ಲಿಂದ ಮನುಷ್ಯರ ವ್ಯಾಯಾಮ ಅಳೆಯುವ ಲ್ಯಾಬ್‌ಗಳ ಜೊತೆ ಸೇರಿಕೊಂಡವನು. ಕೆಲಸಕ್ಕೆ ಜನರನ್ನು ಆರಿಸುವ ಸಮಿತಿಗಳಲ್ಲೂ ಕೂತಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ: ನಿಮ್ಮ ಗೈಡ್ ಹೇಳಿದ್ದು ಅರ್ಧ ನಿಜ, ಸ್ನೇಹಿತರು ಹೇಳಿದ್ದೂ ಅರ್ಧವೇ ನಿಜ.

ಇಂಥ ವಿಜ್ಞಾನಿಗಳು ಇದ್ದಾರಾ ಅಂತ ಕೇಳಿದಿರಿ. ವ್ಯಾಯಾಮ ಶರೀರ ವಿಜ್ಞಾನದ ಬುಡದಲ್ಲೇ ಅಂಥವರೊಬ್ಬರು ಇದ್ದಾರೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಸ್ನಾಯುವಿನ ಅತಿ ಸಣ್ಣ ರಕ್ತನಾಳಗಳು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವುದು ಹೇಗೆ ಅಂತ ತೋರಿಸಿದ್ದಕ್ಕೆ 1920ರಲ್ಲಿ ಅವರಿಗೆ ನೊಬೆಲ್ ಬಂತು. ಯೋಹಾನೆಸ್ ಲಿಂಡ್‌ಹಾರ್ಡ್ ಜೊತೆ ಸೇರಿ, ಮನುಷ್ಯ ಸೈಕಲ್ ತುಳಿಯಲು ಶುರು ಮಾಡಿದ ಮೊದಲ ಕ್ಷಣಗಳಲ್ಲಿ ಉಸಿರು, ರಕ್ತಸಂಚಾರ ಹೇಗೆ ಏರುತ್ತವೆ ಅಂತ ಅಳೆದು 1913ರಲ್ಲಿ ಪ್ರಕಟಿಸಿದವರೂ ಅವರೇ. ಆದರೆ ವಿದ್ಯಾರ್ಥಿಯಾಗಿದ್ದಾಗ ಅವರು ಕೈಹಾಕಿದ್ದು ಯಾವುದಕ್ಕೆ ಗೊತ್ತಾ? ಕೊರೆತ್ರಾ ಅನ್ನುವ ನೀರುಹುಳದ ಮರಿಗೆ. ಆ ಪಾರದರ್ಶಕ ಮರಿ ತನ್ನ ಗಾಳಿಚೀಲಗಳನ್ನು ಹಿಗ್ಗಿಸಿ ಕುಗ್ಗಿಸಿ ನೀರಲ್ಲಿ ಒಂದೇ ಮಟ್ಟದಲ್ಲಿ ಹೇಗೆ ನಿಲ್ಲುತ್ತದೆ ಅನ್ನುವುದು ಅವರ ಮೊದಲ ಸಂಶೋಧನೆಗಳಲ್ಲಿ ಒಂದು. ಎಷ್ಟೋ ಪ್ರಶ್ನೆಗಳಿಗೆ ಅವುಗಳನ್ನು ಅಧ್ಯಯನ ಮಾಡಲು ಹೇಳಿಮಾಡಿಸಿದಂಥ ಪ್ರಾಣಿ ಒಂದು ಇದ್ದೇ ಇರುತ್ತದೆ ಅಂತ ಅವರು 1929ರಲ್ಲಿ ಬರೆದದ್ದು ಇವತ್ತಿಗೂ ಕ್ರೋಗ್ ತತ್ವ ಅಂತಲೇ ಚಾಲ್ತಿಯಲ್ಲಿದೆ. ನೀರುಹುಳದಿಂದ ಸೈಕಲ್ ತುಳಿಯುವ ಮನುಷ್ಯನವರೆಗೆ ಅವರು ಹಿಡಿದ ದಾರ ಒಂದೇ. ಉಸಿರಿನ ಅನಿಲಗಳು ಜೀವಿಯ ಒಳಗೆ ಹೇಗೆ ಹೋಗುತ್ತವೆ, ಹೇಗೆ ಬರುತ್ತವೆ ಅನ್ನುವುದು.

ಮೀನಿನ ಕಡೆ ಬಂದರೆ ಇನ್ನೂ ಹತ್ತಿರದ ಸಂಬಂಧ. ಕೆನಡಾದ ಎಫ್. ಇ. ಜೆ. ಫ್ರೈ 1947ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಪ್ರಾಣಿ ಸುಮ್ಮನಿದ್ದಾಗ ಬಳಸುವ ಆಕ್ಸಿಜನ್ ಎಷ್ಟು, ಗರಿಷ್ಠ ಶ್ರಮದಲ್ಲಿ ಬಳಸುವುದು ಎಷ್ಟು, ಇವೆರಡರ ವ್ಯತ್ಯಾಸವೇ ಅದರ ಕೈಲಿರುವ ಶಕ್ತಿಯ ಅವಕಾಶ. ಓಡುವುದು, ಬೇಟೆ, ಬೆಳವಣಿಗೆ, ಸಂತಾನ ಎಲ್ಲಕ್ಕೂ ಅದರಿಂದಲೇ ಪಾಲು ಹೋಗಬೇಕು. ಆಮೇಲೆ ಜೆ. ಆರ್. ಬ್ರೆಟ್ ಎಳೆಯ ಸಾಕೈ ಸಾಲ್ಮನ್ ಮೀನುಗಳನ್ನು ಈಜು ಸುರಂಗದಲ್ಲಿ ಬಿಟ್ಟು, ನೀರಿನ ವೇಗವನ್ನು ಹಂತ ಹಂತವಾಗಿ ಏರಿಸಿ ಅವುಗಳ ಆಕ್ಸಿಜನ್ ಬಳಕೆ ಅಳೆದರು. 1964ರ ಆ ಕೆಲಸದಲ್ಲಿ ಈ ಅವಕಾಶ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಜಾಸ್ತಿ ಇತ್ತು. ಮೀನಿನ ಟ್ರೆಡ್‌ಮಿಲ್ ಅಂದರೆ ಅದೇ. 2011ರಲ್ಲಿ ಎರಿಕಾ ಎಲಿಯಾಸನ್ ಮತ್ತು ಸಂಗಡಿಗರು ಕೆನಡಾದ ಫ್ರೇಸರ್ ನದಿಯ ಸಾಕೈಗಳ ಬೇರೆ ಬೇರೆ ಗುಂಪುಗಳನ್ನು ಹೋಲಿಸಿದಾಗ, ಹೆಚ್ಚು ಕಷ್ಟದ ದಾರಿ ಏರಿ ಮೊಟ್ಟೆಯಿಡಲು ಹೋಗುವ ಗುಂಪುಗಳಿಗೆ ಈ ಅವಕಾಶವೂ ಹೆಚ್ಚು, ಹೃದಯವೂ ದೊಡ್ಡದು ಅಂತ ಕಂಡುಬಂತು. ಈ ಕೆಲಸವನ್ನು ಪರಿಸರ ವಿಜ್ಞಾನ ಅನ್ನುತ್ತೀರಾ, ವ್ಯಾಯಾಮ ಶರೀರ ವಿಜ್ಞಾನ ಅನ್ನುತ್ತೀರಾ? ನನ್ನ ಪ್ರಕಾರ ಆ ಗೆರೆ ಎಳೆಯುವ ಅಗತ್ಯವೇ ಇಲ್ಲ.

ಇನ್ನು ಸ್ನೇಹಿತರ ಮಾತಿಗೆ ಬರೋಣ, ಯಾಕಂದರೆ ನಿಮಗೆ ಪೆಟ್ಟು ಬೀಳುವುದಾದರೆ ಇಲ್ಲೇ.

ಲೆಕ್ಕದ ಮೂಲ ಒಂದೇ ಅನ್ನುವುದು ನಿಜ. ಪರಿಸರ ವಿಜ್ಞಾನಿ ಎಚ್. ಟಿ. ಓಡಮ್ 1956ರಲ್ಲಿ ಹರಿಯುವ ನೀರಿಗೆ ಮಾಡಿಕೊಟ್ಟ ವಿಧಾನ ನಿಮಗೆ ಕೈಪಾಠ ಆಗಿರುತ್ತದೆ. ಹಗಲು ರಾತ್ರಿ ಆಕ್ಸಿಜನ್ ಏರಿಳಿತ ಅಳೆದು, ಪಾಚಿ ಕೊಟ್ಟದ್ದೆಷ್ಟು, ಇಡೀ ಹೊಳೆ ಉಸಿರಾಡಿದ್ದೆಷ್ಟು, ಗಾಳಿಯ ಜೊತೆ ಕೊಡುಕೊಳ್ಳುವಿಕೆ ಎಷ್ಟು ಅಂತ ಬಿಡಿಸುವುದು. ಟ್ರೆಡ್‌ಮಿಲ್ ಮೇಲೆ ಮಾಸ್ಕ್ ಹಾಕಿಕೊಂಡು ಓಡುವವರ ವಿಷಯದಲ್ಲೂ ಒಳಗೆ ಹೋದ ಆಕ್ಸಿಜನ್‌ನಿಂದ ಹೊರಗೆ ಬಂದದ್ದನ್ನು ಕಳೆಯುತ್ತೇವೆ, ಅಷ್ಟೇ. ಘಟಕಗಳು ಮಾತ್ರ ಬೇರೆ. ಸುಮ್ಮನೆ ಕೂತ ಮನುಷ್ಯನಿಗೆ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಕ್ಸಿಜನ್ ಅಂತ ವ್ಯಾಯಾಮ ಲ್ಯಾಬ್‌ನವರು ಬರೆಯುತ್ತಾರೆ. ಒಂದು ಮಿಲಿಲೀಟರ್ ಆಕ್ಸಿಜನ್ ಅಂದರೆ 1.43 ಮಿಲಿಗ್ರಾಂ. ಅದನ್ನು ಮೀನಿನ ಲ್ಯಾಬ್‌ಗಳ ಭಾಷೆಗೆ ತಂದರೆ ಕಿಲೋಗೆ ಗಂಟೆಗೆ ಸುಮಾರು 300 ಮಿಲಿಗ್ರಾಂ ಆಗುತ್ತದೆ. ಈ ಲೆಕ್ಕವನ್ನು ಒಂದು ಸಲ ಕೈಯಲ್ಲೇ ಮಾಡಿ ನೋಡಿ, ಆ ಕಡೆಯ ಅರ್ಧ ಭಯ ಹೋಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಹತ್ತಿರ ಈಗಾಗಲೇ ಇದೆ. ಕಲ್ಲಿನಡಿ ಬದುಕುವ ಸ್ಟೋನ್‌ಫ್ಲೈ ಹುಳದ ಮರಿಯನ್ನು ಟ್ರೇಯ ನಿಂತ ನೀರಲ್ಲಿ ಬಿಟ್ಟು ನೋಡಿರುತ್ತೀರಿ ಅಲ್ವಾ? ನೀರು ಬೆಚ್ಚಗಾಗಿ ಆಕ್ಸಿಜನ್ ಇಳಿದ ಹಾಗೆ ಅದು ಆರೂ ಕಾಲು ಊರಿ, ಮೈಯನ್ನು ಮೇಲೆತ್ತಿ ಕೆಳಗಿಳಿಸಿ, ದಂಡ ಹೊಡೆಯಲು ಶುರು ಮಾಡುತ್ತದೆ. ಕಿವಿರುಗಳ ಸುತ್ತ ಹೊಸ ನೀರು ಬರಲಿ ಅಂತ. ಹೊಳೆಯಲ್ಲಿದ್ದಾಗ ಆ ಕೆಲಸವನ್ನು ಹರಿವು ಮಾಡಿಕೊಡುತ್ತಿತ್ತು, ಈಗ ಅದರ ಕಾಲಿನ ಸ್ನಾಯುಗಳೇ ಮಾಡಬೇಕು, ಆ ದಂಡಕ್ಕೂ ಆಕ್ಸಿಜನ್ ಬೇಕು. ಒಂದು ಲೀಟರ್ ಸಿಹಿನೀರಲ್ಲಿ 20 ಡಿಗ್ರಿಯಲ್ಲಿ ಹೆಚ್ಚೆಂದರೆ 9.1 ಮಿಲಿಗ್ರಾಂ ಆಕ್ಸಿಜನ್ ಕರಗುತ್ತದೆ, 30 ಡಿಗ್ರಿಗೆ ಅದು 7.6. ಒಂದು ಲೀಟರ್ ಗಾಳಿಯಲ್ಲಿ ಇದರ ಸುಮಾರು 30 ಪಟ್ಟು ಇರುತ್ತದೆ. ಅದೇ ಹತ್ತು ಡಿಗ್ರಿ ಏರಿಕೆಗೆ ಹುಳದ ಬೇಡಿಕೆ ಮಾತ್ರ ಸಾಮಾನ್ಯವಾಗಿ ಎರಡು ಮೂರು ಪಟ್ಟಾಗುತ್ತದೆ. ಪೂರೈಕೆ ಇಳಿಯುತ್ತಾ ಬೇಡಿಕೆ ಏರುವ ಈ ಇಕ್ಕಟ್ಟನ್ನು ಕಣ್ಣಾರೆ ನೋಡಿದವರು ಮನುಷ್ಯರ ಲ್ಯಾಬ್‌ಗಳಲ್ಲಿ ಕಡಿಮೆ. ಅಲ್ಲಿ ಗಾಳಿಯ ಆಕ್ಸಿಜನ್ ಯಾವಾಗಲೂ ಸುಮಾರು 21 ಪರ್ಸೆಂಟ್, ಮೈಯ ಬಿಸಿ ಸುಮಾರು 37 ಡಿಗ್ರಿ. ಪರಿಸರ ಅನ್ನುವುದನ್ನು ಅವರು ಬೇಕಾದಾಗ ಮಾತ್ರ ಲೆಕ್ಕಕ್ಕೆ ತರುತ್ತಾರೆ. ನಿಮಗೆ ಅದೇ ಮೊದಲ ಲೆಕ್ಕ.

ಹಾಗಂತ ಎಲ್ಲವೂ ಒಂದೇ ಅಲ್ಲ. ಆಕ್ಸಿಜನ್ ಅಳೆಯಬಹುದು, ಮನಸ್ಸು ಅಳೆಯಲು ಬರಲ್ಲ. ಒಬ್ಬರು ಹೆಚ್ಚೆಂದರೆ ಎಷ್ಟು ಆಕ್ಸಿಜನ್ ಬಳಸಬಲ್ಲರು ಅಂತ ನೋಡುವ ಗರಿಷ್ಠ ಪರೀಕ್ಷೆಯ ಕೊನೆಯ ನಿಮಿಷಗಳನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಎಂಟು ಹತ್ತು ನಿಮಿಷದಿಂದ ಟ್ರೆಡ್‌ಮಿಲ್ ಏರುತ್ತಾ ಬಂದಿದೆ. ಓಡುವವರಿಗೆ ಮಾತು ನಿಂತಿದೆ, ಹೆಬ್ಬೆರಳು ಎತ್ತಿ ಸರಿ ಅನ್ನುತ್ತಿದ್ದವರು ಈಗ ಅದನ್ನೂ ಎತ್ತುತ್ತಿಲ್ಲ, ಪಕ್ಕದಲ್ಲಿ ನಿಂತವರು ಕೂಗಿ ಹುರಿದುಂಬಿಸುತ್ತಿದ್ದಾರೆ, ಸ್ಕ್ರೀನ್ ಮೇಲೆ ಹೊರಬರುವ ಕಾರ್ಬನ್ ಡೈಆಕ್ಸೈಡ್ ಒಳಹೋಗುವ ಆಕ್ಸಿಜನ್ನಿನ 1.1 ಪಟ್ಟು ದಾಟಿದೆ. ಇದೇ ಗರಿಷ್ಠವಾ? ವೇಗ ಏರಿಸಿದರೂ ಆಕ್ಸಿಜನ್ ಬಳಕೆ ಏರದೆ ಸಮತಟ್ಟಾದರೆ ಹೌದು ಅನ್ನಬಹುದು, ಆದರೆ ಎಷ್ಟೋ ಜನರಲ್ಲಿ ಆ ಸಮತಟ್ಟು ಕಾಣುವುದೇ ಇಲ್ಲ. 220ರಿಂದ ವಯಸ್ಸು ಕಳೆದು ಗರಿಷ್ಠ ಹೃದಯ ಬಡಿತ ಹೇಳುವ ಸೂತ್ರ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಅವರು ದಣಿದು ನಿಂತರೋ, ಸಾಕು ಅನ್ನಿಸಿ ನಿಂತರೋ, ಹಿಂದಿನ ರಾತ್ರಿ ನಿದ್ದೆ ಇರಲಿಲ್ಲವೋ? ಈಜು ಸುರಂಗದಲ್ಲಿ ಮೀನು ಹಿಂದಿನ ಜಾಲರಿಗೆ ಒರಗಿ ನಿಂತಾಗಲೂ ಇದೇ ಅನುಮಾನ ಇರುತ್ತದೆ, ಆದರೆ ಮೀನನ್ನು ಕೇಳಲು ಆಗಲ್ಲ. ಮನುಷ್ಯರನ್ನು ಕೇಳಬಹುದು. ಕೇಳುವುದು, ಅವರ ಭರವಸೆ ಗಳಿಸುವುದು, ಬೇಕಾದಾಗ ನಿಲ್ಲಿಸಬಹುದು ಅಂತ ನಂಬಿಸುವುದು ಒಂದು ಕಸುಬು. ಅದನ್ನು ಹೊಳೆ ಕಲಿಸಿಲ್ಲ, ನೀವು ಶುರುವಿನಿಂದ ಕಲಿಯಬೇಕು.

ಇನ್ನೊಂದು ವ್ಯತ್ಯಾಸ ದೇಹದ ಒಳಗಿನದು. ಜೋರಾಗಿ ಓಡಿದ ಮನುಷ್ಯನ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ಹುಟ್ಟುವ ವಸ್ತು) ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. (ಮಾರನೆ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ, ನಂಬಬೇಡಿ. ಆ ಹೊತ್ತಿಗೆ ಅದು ಎಂದೋ ಖಾಲಿಯಾಗಿರುತ್ತದೆ. ನೋವಿಗೆ ಕಾರಣ ಸ್ನಾಯು ಎಳೆಗಳಿಗಾದ ಸಣ್ಣ ಪೆಟ್ಟು, ಅದರ ಹಿಂದೆ ಬರುವ ಉರಿಯೂತ.) ಆದರೆ ಸುಸ್ತಾಗುವ ತನಕ ಅಟ್ಟಿಸಿಕೊಂಡ ಟ್ರೌಟ್ ಮೀನು ಸುಧಾರಿಸಲು ಹಲವು ಗಂಟೆ ಬೇಕು. ಅದರ ಮೈಯ ಬಹುಪಾಲು ಬಿಳಿ ಸ್ನಾಯು, ಸ್ವಲ್ಪ ಹೊತ್ತಿನ ಜೋರಿಗೆ ಬಳಸುವಂಥದ್ದು. ಅಲ್ಲಿ ಹುಟ್ಟಿದ ಲ್ಯಾಕ್ಟೇಟ್ ಬಹುಪಾಲು ಅಲ್ಲೇ ಉಳಿದು ನಿಧಾನವಾಗಿ ಕರಗುತ್ತದೆ. ಮೀನಿಂದ ಮನುಷ್ಯನಿಗೆ, ಮನುಷ್ಯನಿಂದ ಮೀನಿಗೆ ನೇರವಾಗಿ ತೀರ್ಮಾನ ಎಳೆಯುವವರು ಇಂಥ ಕಡೆ ಎಡವುತ್ತಾರೆ.

ಅಂಕಿಅಂಶದ ಅಭ್ಯಾಸವೂ ಬದಲಾಗುತ್ತದೆ. ಒಂದೇ ಹೊಳೆಯಿಂದ ಹತ್ತು ಕಲ್ಲು ಎತ್ತಿದರೆ ಹೊಳೆಗಳ ಮಟ್ಟದಲ್ಲಿ ಅದು ಹತ್ತಲ್ಲ, ಒಂದೇ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇದನ್ನು ಖಡಾಖಂಡಿತವಾಗಿ ಬರೆದ ಮೇಲೆ ನಮ್ಮ ಕಡೆ ಪೇಪರ್ ಓದುವವರು ಮೊದಲು ಹುಡುಕುವುದೇ ಈ ತಪ್ಪನ್ನು. ಮನುಷ್ಯರ ಲ್ಯಾಬ್‌ನಲ್ಲಿ ಒಬ್ಬರನ್ನೇ ಎರಡು ಸ್ಥಿತಿಯಲ್ಲಿ ಅಳೆದು ಅವರನ್ನು ಅವರ ಜೊತೆಗೇ ಹೋಲಿಸುವ ಸೌಕರ್ಯ ಇದೆ. ಹೊಳೆಯಲ್ಲಿ ಆ ಭಾಗ್ಯ ಅಪರೂಪ. ನೀವು ಹೋದರೆ ಅವರು ಆಯ್ದ ಜನ ಎಷ್ಟು ಕಡಿಮೆ, ಎಷ್ಟು ಒಂದೇ ಥರದವರು ಅನ್ನುವುದು ಮೊದಲ ವಾರವೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದನ್ನು ಹೇಳಿ, ಆದರೆ ಮೊದಲ ವಾರವೇ ಹೇಳಬೇಡಿ.

ಡಾಕ್ಟರ್ ಓದದೆ ಮಾಡಬಹುದಾ ಅನ್ನುವುದಕ್ಕೆ ಚಿಕ್ಕ ಉತ್ತರ: ಮಾಡಬಹುದು, ಮಿತಿಯೊಳಗೆ. ಈ ಕ್ಷೇತ್ರದ ಬಹಳಷ್ಟು ಸಂಶೋಧಕರು ವೈದ್ಯರಲ್ಲ. ಆರೋಗ್ಯವಂತ ವಯಸ್ಕರ ಮೇಲೆ, ಸಂಶೋಧನೆ ನೈತಿಕವಾಗಿ ಸರಿಯಾ ಅಂತ ನೋಡುವ ನೀತಿ ಸಮಿತಿಯ ಒಪ್ಪಿಗೆ ಪಡೆದು, ಮೊದಲೇ ಆರೋಗ್ಯದ ಪ್ರಶ್ನಾವಳಿ ತುಂಬಿಸಿ, ಲಿಖಿತ ಸಮ್ಮತಿ ತೆಗೆದುಕೊಂಡು, ತುರ್ತು ಚಿಕಿತ್ಸೆಯ ತರಬೇತಿ ಇಟ್ಟುಕೊಂಡು ಪರೀಕ್ಷೆ ನಡೆಸುತ್ತಾರೆ. ಹೃದಯದ ತೊಂದರೆ ಇರುವವರ ಪರೀಕ್ಷೆಗೆ ವೈದ್ಯರ ಮೇಲ್ವಿಚಾರಣೆ ಬೇಕು. ರಕ್ತ ತೆಗೆಯಲು ಬೇರೆ ತರಬೇತಿ. ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಮೂಲ ಮಾತ್ರ 1964ರ ಹೆಲ್ಸಿಂಕಿ ಘೋಷಣೆ: ಸಂಶೋಧನೆಯ ಲಾಭಕ್ಕಿಂತ ಎದುರಿಗಿರುವ ವ್ಯಕ್ತಿಯ ಕ್ಷೇಮ ದೊಡ್ಡದು. ಇಸಿಜಿಯಲ್ಲಿ ಏನಾದರೂ ಅನುಮಾನ ಕಂಡರೆ ನೀವು ಪರೀಕ್ಷೆ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸಬೇಕು, ಅದು ಏನು ಅಂತ ಹೇಳಲು ಹೋಗಬಾರದು.

ಈಗ ಗೈಡ್ ಮಾತಿನ ಅರ್ಧ ಸತ್ಯ. ಎರಡು ಕ್ಷೇತ್ರದವರ ಅರ್ಜಿ ಬದಿಗೆ ಹೋಗುವುದನ್ನು ಆರಿಸುವ ಸಮಿತಿಗಳಲ್ಲಿ ಕೂತು ನೋಡಿದ್ದೇನೆ. ಕಾರಣಗಳು ತೀರಾ ಸಾಧಾರಣ. ಕೆಲಸ ಕೊಡುವ ವಿಭಾಗಕ್ಕೆ ಯಾರಾದರೂ ಒಂದು ಪೂರ್ತಿ ಕೋರ್ಸ್ ಪಾಠ ಮಾಡಬೇಕಿರುತ್ತದೆ, ಮನುಷ್ಯ ಶರೀರ ವಿಜ್ಞಾನವೋ ಪರಿಸರ ವಿಜ್ಞಾನವೋ. ಅರ್ಧರ್ಧ ಗೊತ್ತಿರುವವರಿಂದ ಆ ಕೆಲಸ ಆಗಲ್ಲ ಅಂತ ಅವರು ಹೆದರುತ್ತಾರೆ. ಶಿಫಾರಸು ಪತ್ರ ಬರೆದವರಿಗೆ ನಿಮ್ಮ ಅರ್ಧ ಕೆಲಸ ಮಾತ್ರ ಗೊತ್ತಿರುತ್ತದೆ, ಪತ್ರ ತೆಳುವಾಗುತ್ತದೆ. ಪೇಪರ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಾಣುತ್ತವೆ. ಅನುದಾನದ ಅರ್ಜಿಯನ್ನು ಒಂದು ಸಮಿತಿ ಇದು ಶರೀರ ವಿಜ್ಞಾನ ಅಂತ, ಇನ್ನೊಂದು ಸಮಿತಿ ಇದು ಪರಿಸರ ಅಂತ ವಾಪಸ್ ಕಳಿಸುತ್ತದೆ. ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ, ಅದಕ್ಕೇ ಇದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಪ್ರಶ್ನೆ ಇಟ್ಟುಕೊಂಡವರು ಇಂಥ ಕಾರಣಕ್ಕೆ ಕ್ಷೇತ್ರವನ್ನೇ ಬಿಟ್ಟುಹೋಗಿದ್ದಾರೆ.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡಿ.

ಪೂರ್ತಿಯಾಗಿ ಮನುಷ್ಯರ ಕಡೆ ಹೋಗಬಹುದು. ಅಲ್ಲಿ ಒಂದು ಪ್ರಯೋಗ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಮಳೆ ಬಂತು, ಪ್ರವಾಹ ಬಂತು, ಇಡೀ ಋತು ಹೋಯಿತು ಅನ್ನುವ ಗೋಳಿಲ್ಲ. ಆದರೆ ನೀತಿ ಸಮಿತಿಯ ಒಪ್ಪಿಗೆಗೇ ತಿಂಗಳುಗಳು ಹಿಡಿಯುತ್ತವೆ, ಉಪಕರಣದ ಮೇಲೆ ಕೈ ಕೂರಲು ಸಮಯ ಬೇಕು, ಎರಡು ವರ್ಷದ ಪೋಸ್ಟ್‌ಡಾಕ್‌ನಲ್ಲಿ ಮೊದಲ ವರ್ಷ ನಿಮ್ಮ ಹೆಸರಿನ ಪೇಪರ್ ಹೊರಬರದೆ ಇರಬಹುದು. ಕ್ರೀಡಾ ವಿಜ್ಞಾನ ಓದಿಕೊಂಡೇ ಬಂದವರ ಜೊತೆ ಸ್ಪರ್ಧೆ. ಆ ಖಾಲಿ ವರ್ಷವನ್ನು ತುಂಬಲು ಪಿಎಚ್‌ಡಿಯ ಪೇಪರ್‌ಗಳನ್ನು ಹೋಗುವ ಮುಂಚೆಯೇ ಕಳಿಸಿರಬೇಕು. ಬಾಟಲಿಯಲ್ಲಿ ಇನ್ನೂ ಹೆಸರು ಹಚ್ಚದ ಹುಳಗಳು ಉಳಿದಿದ್ದರೆ ಹೊಸ ಊರಿಂದ ಅದನ್ನು ಮುಗಿಸುತ್ತೇನೆ ಅಂತ ಅಂದುಕೊಳ್ಳಬೇಡಿ, ಯಾರೂ ಮುಗಿಸಿದ್ದನ್ನು ನಾನು ನೋಡಿಲ್ಲ.

ಹೊಳೆಯಲ್ಲೇ ಉಳಿದು ಶರೀರ ವಿಜ್ಞಾನವನ್ನು ಅಲ್ಲಿಗೆ ತರುವುದು ಇನ್ನೊಂದು ದಾರಿ. ಮೀನು ಅಥವಾ ನೀರುಹುಳಗಳ ಉಸಿರಾಟ ಅಳೆಯುವ ಪೆಟ್ಟಿಗೆ, ಈಜು ಸುರಂಗ, ಶಾಖ ತಾಳುವ ಮಿತಿ ಇತ್ಯಾದಿ. ಮೀನುಗಳ ದಾರಿಗೆ ಅಡ್ಡವಾದ ಅಣೆಕಟ್ಟುಗಳಲ್ಲಿ ಏಣಿ ಕಟ್ಟುವವರಿಗೆ, ಹಿಡಿದು ಬಿಡುವ ಮೀನುಗಾರಿಕೆಯ ನಿಯಮ ಮಾಡುವವರಿಗೆ ಈ ಲೆಕ್ಕಗಳು ನೇರವಾಗಿ ಬೇಕು. ಸುಸ್ತಾದ ಮೀನು ನೀರಿಗೆ ಬಿಟ್ಟ ಮೇಲೂ ಸಾಯಬಹುದು ಅನ್ನುವುದು ಈ ಕೆಲಸದಿಂದಲೇ ಗೊತ್ತಾದದ್ದು. ಅಪಾಯ ಅಂದರೆ, ನಿಮಗೆ ಕಲಿಸುವವರು ಪಕ್ಕದಲ್ಲಿ ಇರಲ್ಲ. ಪೆಟ್ಟಿಗೆಯ ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ಉಸಿರಾಡಿದ್ದನ್ನು ಮೀನಿನ ಲೆಕ್ಕಕ್ಕೆ ಬರೆದುಬಿಡುವಂಥ ತಪ್ಪುಗಳು ಒಬ್ಬರೇ ಕಲಿಯುವಾಗ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತವೆ. ಪ್ರಾಣಿಗಳ ಪ್ರಯೋಗಕ್ಕೂ ಒಪ್ಪಿಗೆ ಬೇಕು ಅನ್ನುವುದು ನಿಮಗೆ ಗೊತ್ತೇ ಇದೆ.

ಎರಡನ್ನೂ ಅರ್ಧರ್ಧ, ಒಟ್ಟಿಗೆ, ಈಗಲೇ ನಡೆಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಖಾಯಂ ಕೆಲಸ ಸಿಕ್ಕಿ, ಜೊತೆಗೆ ವಿದ್ಯಾರ್ಥಿಗಳು ಬಂದ ಮೇಲೆ ಅದು ಸಾಧ್ಯ. ಈಗ ಮಾಡಿದರೆ ನೀರು ಕಡಿಮೆಯಾದಾಗ ಹೊಳೆಗೆ ಹೋಗಬೇಕಾದ ವಾರವೇ ಲ್ಯಾಬ್‌ನಲ್ಲಿ ಓಡುವವರು ಬರುವ ವಾರವಾಗಿರುತ್ತದೆ. ಆ ಇಬ್ಬರಲ್ಲಿ ಕಾಯಲು ಒಪ್ಪುವವರು ಯಾರೂ ಇಲ್ಲ. ಅವಸರದಲ್ಲಿ ಒಬ್ಬರೇ ಹೊಳೆಗೆ ಇಳಿಯುವುದೂ ಇಂಥ ಹೊತ್ತಿನಲ್ಲೇ. ತೊಡೆಮಟ್ಟದ ಬೂಟಿನೊಳಗೆ ನೀರು ತುಂಬಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ನನ್ನನ್ನು ಕೇಳಿದರೆ, ಕರೆ ಒಪ್ಪಿಕೊಳ್ಳಿ. ಆದರೆ ಒಂದು ಪ್ರಶ್ನೆಯನ್ನು ಹೊಳೆಯಿಂದ ಹಿಡಿದುಕೊಂಡೇ ಹೋಗಿ. ಬಿಸಿ ಏರಿದಾಗ ಆಕ್ಸಿಜನ್ ಪೂರೈಕೆ ಮೊದಲು ಸೋಲುವುದು ಎಲ್ಲಿ ಅನ್ನುವುದು ನಿಮ್ಮ ಹುಳಗಳಿಗೂ ಉಂಟು, ಬಿಸಿಲಲ್ಲಿ ಓಡುವ ಮನುಷ್ಯರಿಗೂ ಉಂಟು. ಮನುಷ್ಯರಲ್ಲಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯಬೇಕು, ಸ್ನಾಯುವಿಗೂ ಅದೇ ರಕ್ತ ಬೇಕು, ಹೃದಯ ಎರಡಕ್ಕೂ ಪೂರೈಸಲು ಒದ್ದಾಡುತ್ತದೆ. ನಿಮ್ಮ ಸ್ಟೋನ್‌ಫ್ಲೈಗೆ ಆಕ್ಸಿಜನ್ ಬಹುಮಟ್ಟಿಗೆ ಹೃದಯದಿಂದಲ್ಲ, ಉಸಿರ್ನಾಳಗಳಿಂದ ಸಾಗುತ್ತದೆ, ಹಾಗಾಗಿ ಸೋಲುವ ಜಾಗವೇ ಬೇರೆ. ಈ ಒಂದು ಎಳೆ ಇದ್ದರೆ ನಿಮ್ಮ ಎಲ್ಲ ಪೇಪರ್‌ಗಳೂ ಒಬ್ಬರೇ ಬರೆದವು ಅಂತ ಓದುವವರಿಗೆ ಕಾಣುತ್ತದೆ, ನಿಮ್ಮ ಗೈಡ್ ಭಯಕ್ಕೆ ಉತ್ತರ ಅದೇ. ಜೊತೆಗೆ ಆ ಲ್ಯಾಬ್‌ನಲ್ಲಿ ಬೇರೆಯವರಿಗಿಂತ ಚೆನ್ನಾಗಿ ಬರುವ ಅಳತೆ ಒಂದಾದರೂ ನಿಮ್ಮ ಕೈಯಲ್ಲಿರಲಿ. ಸೆನ್ಸರ್ ತಾಳೆ ನೋಡುವುದು, ದಿನಗಟ್ಟಲೆ ಬರುವ ಡೇಟಾದಲ್ಲಿ ಸೆನ್ಸರ್ ನಿಧಾನವಾಗಿ ದಾರಿ ತಪ್ಪಿದ್ದನ್ನು ಹಿಡಿಯುವುದು ಹೊಳೆಯವರಿಗೆ ರೂಢಿ, ಅಲ್ಲಿಂದ ಶುರು ಮಾಡಿ.

ಒಪ್ಪುವ ಮುಂಚೆ ಲ್ಯಾಬ್ ಮುಖ್ಯಸ್ಥರಿಗೆ ಒಂದು ಮೇಲ್ ಬರೆಯಿರಿ. ಮೊದಲ ಆರು ತಿಂಗಳು ಉಪಕರಣದ ತರಬೇತಿ ಯಾರು ಕೊಡುತ್ತಾರೆ, ಈಗಾಗಲೇ ಒಪ್ಪಿಗೆ ಸಿಕ್ಕಿರುವ ಪ್ರಯೋಗ ಒಂದಕ್ಕೆ ನಾನು ಸೇರಬಹುದಾ, ಪಿಎಚ್‌ಡಿ ಪೇಪರ್ ತಿದ್ದಲು ವಾರಕ್ಕೆ ಒಂದು ದಿನ ಸಿಗುತ್ತದಾ, ಶರೀರ ವಿಜ್ಞಾನದ ಕೆಲವು ಪಾಠಗಳನ್ನು ನಾನೇ ತೆಗೆದುಕೊಳ್ಳಬಹುದಾ. ಕೊನೆಯದನ್ನು ಮರೆಯಬೇಡಿ, ಮುಂದೆ ಕೆಲಸದ ಸಂದರ್ಶನದಲ್ಲಿ ಅದೇ ನಿಮ್ಮನ್ನು ಕಾಪಾಡುವುದು. ಸಾಧ್ಯವಾದರೆ ಒಂದು ವಾರ ಅಲ್ಲಿ ಹೋಗಿ ಕೂತು ಪರೀಕ್ಷೆಗಳನ್ನು ನೋಡಿ ಬನ್ನಿ. ಉತ್ತರ ನುಣುಚಿಕೊಳ್ಳುವ ಹಾಗೆ ಬಂದರೆ, ಎರಡನೆಯ ದಾರಿಯೇ ನಿಮಗೆ ಸರಿ. ಆಗ ಈಜು ಸುರಂಗ ಇರುವ, ಒಂದೆರಡು ತಿಂಗಳು ನಿಮ್ಮನ್ನು ಇಟ್ಟುಕೊಂಡು ಕಲಿಸುವ ಲ್ಯಾಬ್ ಹುಡುಕಲು ಶುರು ಮಾಡಿ.